ಒಣಪ್ಪನ ಒಂದು ಹನಿ ನೀರು

ಮೀನು ಸಂಶೋಧನಾ ಕೇಂದ್ರದಲ್ಲಿ ಅವನಿಗೆ ಒಣಪ್ಪ ಎಂದೇ ಹೆಸರು ಬಿದ್ದಿತ್ತು. ತಪ್ಪು ಅವನದಲ್ಲ, ಗೆಂಡೆ ಮೀನಿನದು. ಅದರ ವೀರ್ಯರಸದಲ್ಲಿರುವ ಲವಣಗಳು ವೀರ್ಯಾಣುಗಳನ್ನು ಮಿಸುಕದಂತೆ ಮಲಗಿಸಿರುತ್ತವೆ. ಕೆರೆಯ ನೀರು ಬೆರೆತು ರಸ ತೆಳುವಾದದ್ದೇ ತಡ, ಎದ್ದು ಓಡುತ್ತವೆ. ಆ ಓಟವೂ ಒಂದು ನಿಮಿಷವಿಲ್ಲ, ಆಮೇಲೆ ಶಾಶ್ವತ ನಿದ್ದೆ. ಹಾಗಾಗಿ ಮೊದಲೇ ಒಂದು ಹನಿ ನೀರು ತಾಗಿದರೂ ಕೆಲಸ ಕೆಟ್ಟಿತು, ಅದಕ್ಕೇ ಅವನು ಕಂಡದ್ದನ್ನೆಲ್ಲ ಒರೆಸಿ ಒಣಗಿಸುತ್ತಿದ್ದ.

ಅಂದು ಮಧ್ಯಾಹ್ನ ನಿರ್ದೇಶಕರು ಆ ಓಟ ನೋಡಲು ಬರುವವರಿದ್ದರು. ಮೆಚ್ಚಿದರೆ ಒಣಪ್ಪನ ತಾತ್ಕಾಲಿಕ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ನಾಳೆಯಿಂದ ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಮೊಳೆ ತೂಗಬೇಕು.

ತೊಟ್ಟಿಯಲ್ಲಿ ಉಳಿದಿದ್ದದ್ದು ಮೂರೇ ಗಂಡು ಮೀನು. ಮೊದಲನೆಯದರ ಹೊಟ್ಟೆ ಒತ್ತಿದಾಗ ಅದು ವೀರ್ಯ ಹಿಡಿಯಲು ಒಡ್ಡಿದ್ದ ಗಾಜಿನ ಕೊಳವೆಯೊಳಗೆ ನೆಟ್ಟಗೆ ಮೂತ್ರ ಮಾಡಿತು. ಪಾಪ, ಹೆದರಿಕೊಂಡಿದೆ ಎಂದು ತೊಟ್ಟಿಯ ಕೆಲಸಗಾರ ಮೀನಿನ ಪರವಾಗಿಯೇ ಮಾತಾಡಿದ. ಎರಡನೆಯದು ಧಾರಾಳವಾಗಿ ಕೊಟ್ಟಿತು. ಆದರೆ ಗುಮಾಸ್ತರು, ಇದೇನು ಹಾಲು ಕುಡಿದು ತೊಳೆಯದೆ ಇಟ್ಟಿದ್ದಾರಲ್ಲ ಎಂದು ಕೊಳವೆಯನ್ನು ನಲ್ಲಿಗೆ ಹಿಡಿದು ಥಳಥಳ ತೊಳೆದಿಟ್ಟರು.

ಮೂರನೆಯ ಮೀನಿನಿಂದ ಸಿಕ್ಕಿದ್ದು ನಾಲ್ಕು ತೊಟ್ಟು. ಅದನ್ನು ಎದೆಗವಚಿಕೊಂಡು ಪ್ರಯೋಗಾಲಯದ ಬಾಗಿಲಿಗೆ ಕುರ್ಚಿ ಹಾಕಿ ಕೂತ. ಬಂದವರೆಲ್ಲ ಟವೆಲಿಗೆ ಕೈ ಒರೆಸಿಯೇ ಒಳಗೆ ಬರಬೇಕು. ಶೌಚಾಲಯದಿಂದ ಬಂದ ಲೆಕ್ಕಾಧಿಕಾರಿಣಿಯನ್ನೂ ಬಿಡದೆ, ಆಕೆಯಿಂದ ಚೆನ್ನಾಗಿ ಬೈಸಿಕೊಂಡ. ತಾನೂ ಒಂದು ಗುಟುಕು ನೀರು ಕುಡಿಯಲಿಲ್ಲ.

ನಿರ್ದೇಶಕರು ಬಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, “ಮಲಗಿವೆ,” ಎಂದರು.

“ಈಗ ನೀರು ಹಾಕ್ತೀನಿ ಸಾರ್, ನೋಡಿ.” ಒಣಪ್ಪ ಮೇಜಿನ ಮೇಲಿದ್ದ ಬಾಟಲಿಯಿಂದ ಒಂದು ಹನಿ ಬಿಟ್ಟ.

“ಇನ್ನೂ ಮಲಗಿವೆ. ನಮ್ಮ ಕಚೇರಿಯಲ್ಲೇ ಹುಟ್ಟಿದ್ವಾ ಇವು?”

ಇನ್ನೊಂದು ಹನಿ ಹಾಕಿದರೂ ಒಂದೂ ಅಲುಗಲಿಲ್ಲ. ನಿರ್ದೇಶಕರು ಮೆಟ್ಟಿಲಿಳಿದು ಹೋದರು. ಗಂಟಲು ಒಣಗಿದ್ದ ಒಣಪ್ಪ ಆ ಬಾಟಲಿಯನ್ನೇ ಬಾಯಿಗೆತ್ತಿದ. ನೀರು ಉಪ್ಪುಪ್ಪಾಗಿ, ಸಿಹಿಸಿಹಿಯಾಗಿ ನಾಲಿಗೆಗೆ ತಾಗಿತು.

ಕಸ ಗುಡಿಸುತ್ತಿದ್ದ ಅಜ್ಜಿ ತಲೆಯೆತ್ತಿದಳು. “ಬೆಳಿಗ್ಗೆಯಿಂದ ಗಂಟಲಿಗೆ ಒಂದು ಹನಿ ಬಿಟ್ಕೊಂಡಿಲ್ಲ ನೀನು. ತಲೆ ತಿರುಗಿ ಬಿದ್ದೀಯಾ ಅಂತ ಉಪ್ಪು ಸಕ್ಕರೆ ಹಾಕಿಟ್ಟೆ ಕಣಪ್ಪ. ಜಾಸ್ತಿಯಾಯ್ತಾ?”

ಜಾಸ್ತಿಯೇ ಆಗಿತ್ತು. ವೀರ್ಯರಸ ಮಲಗಿಸಿದ್ದನ್ನು ಅಜ್ಜಿಯ ಉಪ್ಪು ಸಕ್ಕರೆ ಏಳಲು ಬಿಟ್ಟಿರಲಿಲ್ಲ. ಒಣಪ್ಪ ಹುಚ್ಚನಂತೆ ಓಡಿ, ಉಳಿದದ್ದನ್ನೆಲ್ಲ ಕೊಳವೆ ಸಮೇತ ನಲ್ಲಿಗೊಡ್ಡಿ, ಒಂದು ತೊಟ್ಟು ತಂದು ನೋಡಿದ. ಅಬ್ಬಾ, ಶಾಲೆ ಬಿಟ್ಟ ಮಕ್ಕಳಂತೆ ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಅವನಿಗೆ ಕಣ್ಣು ತುಂಬಿ ಬಂತು. ಕಿಟಕಿಯಿಂದ ಕೂಗಿ ನಿರ್ದೇಶಕರನ್ನು ಕರೆದ.

ಅವರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು, ಸುಧಾರಿಸಿಕೊಂಡರು, ಕನ್ನಡಕ ತೆಗೆದು ಒರೆಸಿದರು, ಆಮೇಲೆ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿ ಎದ್ದು ನಿಂತು, ಒಣಪ್ಪನ ಕೈ ಹಿಡಿದು ಕುಲುಕಿದರು.

“ಅವು ಮಲಗಿರ್ತವೆ ಅಂತ ತಾನೇ ನೀವು ವರದಿಯಲ್ಲಿ ಬರೆದಿದ್ದು? ನಾಲ್ಕು ಸಲ ನೋಡ್ದೆ, ನಾಲ್ಕು ಸಲಾನೂ ಮಲಗಿದ್ವು. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನು ಸಂಶೋಧನೆ ಮಾಡೋಕೆ ಏನೂ ಉಳಿದಿಲ್ಲ ಬಿಡಿ, ನಾಳೆಯಿಂದ ಬರ್ಬೇಡಿ.”