ದೊರೆಗಳಿಗೆ ಬೆರೆಸಿದ ಜ್ವರದ ಮದ್ದು

ಮಾರಿಕಣಿವೆಯ ಎರಡು ಗುಡ್ಡಗಳ ನಡುವೆ ಕಲ್ಲಿನ ಮೇಲೆ ಕಲ್ಲಿಟ್ಟು, ಸಾಕ್ಷಾತ್ ವೇದಾವತಿ ಹೊಳೆಯನ್ನೇ ‘ನಿಲ್ಲಮ್ಮ ತಾಯಿ’ ಎಂದು ನಿಲ್ಲಿಸಲು ಹೊರಟ ಕಟ್ಟೆಯ ಓವರ್‌ಸಿಯರ್ ನಾನು. ಅಂಥವನಿಗೆ ಒಂದು ಗಾಜಿನ ಲೋಟದಷ್ಟು ಪಾನೀಯ ಬೆರೆಸುವುದು ಯಾವ ಮಹಾ ಕೆಲಸ? ಹೀಗೆಂದು ನನಗೆ ನಾನೇ ಹೇಳಿಕೊಂಡು ಮೀಸೆಯ ಮೇಲೆ ಕೈಯಾಡಿಸಿದೆ. ಕೆಟ್ಟದ್ದು ಅಲ್ಲೇ ನೋಡಿ.

ನಮ್ಮ ಬಿಳಿಯ ಇಂಜಿನಿಯರ್ ದೊರೆಗಳು ಸಂಜೆ ಬಿಡಾರದ ಜಗಲಿಯಲ್ಲಿ ಕುಡಿಯುವುದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೆ. ಅವರ ಬಟ್ಲರ್ ದಿಲಾವರ್ ನೀರಿನಷ್ಟು ತಿಳಿಯಾದ ಜಿನ್ ಎಂಬ ಸಾರಾಯಿಯನ್ನು ಲೋಟಕ್ಕೆ ಬಿಟ್ಟ, ನಿಂಬೆಹಣ್ಣು ಹಿಂಡಿದ, ಸಕ್ಕರೆ ಕದಡಿದ, ಗೋಲಿ ಸೋಡಾ ಒತ್ತಿ ಸುರಿದ. ಲೋಟದ ತಳದಿಂದ ಮುತ್ತುಗಳು ಎದ್ದೆದ್ದು ಬಂದವು. ಬೆಳಗಿನಿಂದ ಗಾರೆಯವರ ಮೇಲೂ ಕಲ್ಲುಕುಟಿಗರ ಮೇಲೂ ಹರಿಹಾಯ್ದಿದ್ದ ದೊರೆಗಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಅವರು ಬೇರೆಯೇ ಮನುಷ್ಯ. “ಮುರುಗಪ್ಪ, ಮನೆಯಲ್ಲಿ ಎಲ್ಲರೂ ಕ್ಷೇಮವೇ?” ಎಂದು ಕೇಳಿದರು. ನನ್ನ ಹೆಸರು ಅವರ ಬಾಯಲ್ಲಿ ಬೈಗುಳದ ಜೊತೆಯಿಲ್ಲದೆ ಬಂದದ್ದು ಅದೇ ಮೊದಲು.

ಆಗ ಕಟ್ಟೆಗೆ ಒಬ್ಬ ಹೆಡ್ ಓವರ್‌ಸಿಯರ್ ಬೇಕಾಗಿದ್ದ. ಆ ಜಾಗಕ್ಕೆ ಇದ್ದವರು ಇಬ್ಬರೇ: ನಾನು ಮತ್ತು ಗಂಗಾಧರಪ್ಪ. ಗಂಗಾಧರಪ್ಪ ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ, ನನಗಿಂತ ಚೆನ್ನಾಗಿ ಬಗ್ಗಿ ಸಲಾಮು ಹೊಡೆಯುತ್ತಿದ್ದ. ಇಂಥ ಹೊತ್ತಿನಲ್ಲಿ ದೊರೆಗಳು ಭಾನುವಾರ ಚಿತ್ರದುರ್ಗದಿಂದ ಹಿಂದಿರುಗುವಾಗ ಹಿರಿಯೂರಿನ ನಮ್ಮ ಮನೆಯಲ್ಲಿ ಐದು ನಿಮಿಷ ಇಳಿಯುವುದಕ್ಕೆ ಒಪ್ಪಿದರು. ಆ ಅಮೃತವನ್ನು ನನ್ನ ಕೈಯಾರೆ ಬೆರೆಸಿ ಕೊಟ್ಟರೆ ಹೆಡ್ ಪದವಿ ಎಲ್ಲಿಗೆ ಹೋದೀತು? ಕೊರಳಲ್ಲಿ ಲಿಂಗ ಕಟ್ಟಿದ ನಾನು ಕುಡಿಯುವ ಮಾತಿರಲಿಲ್ಲ. ಕುಡಿಸುವುದಕ್ಕೇನು ಅಡ್ಡಿ ಎಂದು ನನ್ನ ಪರವಾಗಿ ನಾನೇ ತೀರ್ಪು ಕೊಟ್ಟುಕೊಂಡೆ.

ದಿಲಾವರನನ್ನು ಕಾಡಿ ಬೇಡಿ ದುರ್ಗದಿಂದ ಒಂದು ಬಾಟಲಿ ಜಿನ್ ತರಿಸಿದೆ. “ಮುರುಗಪ್ಪನೋರೆ, ಇದು ಹಿಡಿತದ ಕೆಲಸ. ಹುಳಿ ಹೆಚ್ಚಾದ್ರೆ ಸಾಹೇಬರ ಮೋರೆ ನೋಡಾಕಾಗಲ್ಲ” ಎಂದು ಅವನು ಎಚ್ಚರಿಸಿದ. ಅಣೆಕಟ್ಟಿನ ಗಾರೆಗೆ ಸುಣ್ಣ, ಸುರ್ಕಿ ಎಂಬ ಇಟ್ಟಿಗೆಪುಡಿಯ ಹದ ಹೇಳುವವನಿಗೆ ಇವನು ಹದ ಹೇಳಿಕೊಡುವುದೇ ಎಂದು ನಾನು ನಕ್ಕೆ.

ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಕೂತು ಅಭ್ಯಾಸಕ್ಕೆ ಒಂದು ಲೋಟ ಬೆರೆಸಿದೆ. ರುಚಿ ನೋಡುವಂತಿಲ್ಲ, ಮೂಸಿ ನೋಡಿದರೆ ಕಣ್ಣಲ್ಲಿ ನೀರು. ಅದೇ ಹೊತ್ತಿಗೆ ಹೆಂಡತಿ ಸರ್ವಮಂಗಳ ಹಿಂದೆ ಬಂದು ನಿಂತಳು.

“ಏನ್ರಿ ಅದು ಬಾಟ್ಲಿ?”

“ಜ್ವರದ ಮದ್ದು. ದೊರೆಗಳು ಕೊಟ್ಟಿದ್ದು” ಎಂದೆ. ಕಣಿವೆಯಲ್ಲಿ ಆಗ ಚಳಿಜ್ವರ ಮನೆಮನೆಯಲ್ಲೂ ಇತ್ತು. ಎಂಥ ಸಮಯಸ್ಫೂರ್ತಿ ಎಂದು ನನ್ನ ಬಗ್ಗೆ ನನಗೇ ಗೌರವ ಉಕ್ಕಿತು.

ಅವಳ ಮುಖ ಬಿಳುಚಿತು. “ಯಾವಾಗ ಬಂತ್ರಿ ಜ್ವರ?”

“ನನಗೆಲ್ಲಿ ಜ್ವರ? ನಾನು ಗುಂಡುಕಲ್ಲಿನಂತೆ ಇದ್ದೀನಿ.”

“ಜ್ವರ ಇಲ್ದೆ ಯಾರಾದ್ರೂ ಮದ್ದು ತರ್ತಾರಾ? ಕಣ್ಣಾಗೆ ನೀರು ಬೇರೆ ಐತೆ.”

ಕೆಲಸ ಹೋದೀತೆಂದು ಕಟ್ಟೆಯ ಆಳುಗಳೆಲ್ಲ ಜ್ವರವನ್ನು ಮುಚ್ಚಿಡುತ್ತಿದ್ದ ಕಾಲ ಅದು. ನಾನು ಇಲ್ಲ ಎಂದಷ್ಟೂ ಅವಳಿಗೆ ಖಾತ್ರಿಯಾಯಿತು. ಪಕ್ಕದ ಮನೆಯ ಹುಚ್ಚಕ್ಕನನ್ನು ಕೂಗಿದಳು. ಹುಚ್ಚಕ್ಕ ಬಂದು ನನ್ನ ಹಣೆ ಮುಟ್ಟಿ, “ಒಳಜ್ವರ ಕಣವ್ವ. ಮೇಲೆ ತಣ್ಣಗಿರ್ತೈತೆ, ಅದೇ ಕೆಟ್ಟದ್ದು. ಲಂಘನ ಹಾಕು” ಎಂದಳು. ಲಂಘನ ಎಂದರೆ ಊಟ ಬಂದ್. ಹಣೆಗೆ ವಿಭೂತಿ ಬಳಿದು ಮೂಲೆಯಲ್ಲಿ ಮಲಗಿಸಿ, ಚಳ್ಳಕೆರೆಯ ಕರಿ ಕಂಬಳಿಗಳನ್ನು ಒಂದರ ಮೇಲೊಂದು ಹೊದಿಸಿದರು. ಅದು ಹಿರಿಯೂರಿನ ಬೇಸಗೆ.

ಸರ್ವಮಂಗಳ ಆ ಮದ್ದಿನ ಬಾಟಲಿ ತಂದಳು. ನಾನು ಬಾಯಿ ಬಿಗಿಹಿಡಿದು, “ಬೇಡ, ಅದನ್ನ ದೊರೆಗಳೇ ಬಂದು ಕುಡಿಸಬೇಕು, ಅಪ್ಪಣೆಯಾಗೈತೆ” ಎಂದೆ. “ಸರಿ, ಕಹಿ ಮುರಿಯಾ ಹಂಗೆ ಕಲಸಿಡ್ತೀನಿ” ಎಂದು ಅಡಿಗೆಮನೆಗೆ ಹೋದಳು. ನಿಂಬೆ ಹಿಂಡಿದ್ದು, ಶುಂಠಿ-ಮೆಣಸು ಜಜ್ಜಿದ್ದು, ಜೇನು ಬೆರೆಸಿದ್ದು, ಹೊಸ ಮಡಕೆಯ ನೀರು ಬೆರೆಸಿ ಸೋಸಿದ್ದು, ಎಲ್ಲವೂ ಕಂಬಳಿಯೊಳಗಿದ್ದರೂ ಕಿವಿಗೆ ಬೀಳುತ್ತಿತ್ತು. ನನ್ನ ಹೆಡ್ ಪದವಿ ಒರಳಿನಲ್ಲಿ ಪುಡಿಯಾಗುತ್ತಿದೆ ಎಂದು ನರಳಿದೆ.

ಸಂಜೆ ಬಂಡಿ ನಿಂತಿತು. ದಿಲಾವರನ ಹಿಂದೆ ದೊರೆಗಳು ತಲೆ ಬಗ್ಗಿಸಿ ಒಳಗೆ ಬಂದರು. ಬಿಸಿಲಿಗೆ ಅವರ ಮುಖ ಮೆಣಸಿನಕಾಯಿಯಂತೆ ಕೆಂಪಾಗಿತ್ತು. ಸರ್ವಮಂಗಳ ಒಮ್ಮೆ ನೋಡಿದಳು, ಅಷ್ಟೇ.

“ಅಯ್ಯೋ ಶಿವನೇ, ಇವರಿಗೆ ಇನ್ನೂ ಜೋರಾಗೈತೆ. ಕುಂತ್ಕಳ್ರಿ ಸ್ವಾಮಿ, ಮೊದಲು ನೀವು ಕುಡೀರಿ.”

ಹಿತ್ತಾಳೆ ಲೋಟ ದೊರೆಗಳ ಕೈಸೇರಿತು. ನಾನು ಏಳಲು ಹೋದೆ, ಹುಚ್ಚಕ್ಕ ಕಂಬಳಿಯ ಮೇಲೆ ಕೈಯೂರಿ ಕೂತಿದ್ದಳು. ದೊರೆಗಳು ಒಂದು ಗುಟುಕು ಕುಡಿದರು. ಲೋಟದೊಳಗೆ ಇಣುಕಿ ನೋಡಿದರು. ಇನ್ನೊಂದು ಗುಟುಕು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಮಹಾರಾಜರ ಮುಂದೆ ಬಿಟ್ಟು ಬೇರೆ ಕಡೆ ಟೋಪಿ ತೆಗೆದದ್ದನ್ನು ನಾನು ಕಂಡಿರಲಿಲ್ಲ.

“ದಿಲಾವರ್,” ಎಂದರು ಮೆಲ್ಲಗೆ, “ಇಷ್ಟು ವರ್ಷ ನೀನು ನನಗೆ ಏನು ಕುಡಿಸುತ್ತಿದ್ದೆ?”

ದಿಲಾವರ್ ಉಳಿದ ತೊಟ್ಟನ್ನು ಮೂಸಿ ನೋಡಿ, ಸರ್ವಮಂಗಳಳಿಗೆ ಬಗ್ಗಿ ಸಲಾಮು ಮಾಡಿದ. ಯಾವುದನ್ನು ಬೆರೆಸಲು ನಾನು ಅಷ್ಟೆಲ್ಲ ಹೆಣಗಿದ್ದೆನೋ ಅದನ್ನು ಇವಳು ಹೆಸರೂ ತಿಳಿಯದೆ ಬೆರೆಸಿದ್ದಳು. ಹದಿನೈದು ವರ್ಷದ ಸಂಸಾರದಲ್ಲಿ ನಾನು ಅವಳ ಕೈಯನ್ನು ಸರಿಯಾಗಿ ನೋಡಿದ್ದು ಅಂದೇ.

“ಇನ್ನ ನಮ್ಮನೆಯವರಿಗೆ ಕುಡಿಸ್ರಿ ಸ್ವಾಮಿ” ಎಂದಳು ಅವಳು.

ದೊರೆಗಳು ಬಾಟಲಿಯನ್ನು ಕಂಡರು, ನನ್ನ ಹಣೆಯ ವಿಭೂತಿಯನ್ನು ಕಂಡರು. ಅವರಿಗೆ ಎಲ್ಲ ಹೊಳೆಯಿತು. “ಇದು ಬಿಳಿಯರ ಜ್ವರಕ್ಕೆ ಮಾತ್ರ, ಅಮ್ಮ. ಇವನಿಗೆ ಗಂಜಿ ಸಾಕು” ಎಂದು ಗಂಭೀರವಾಗಿ ಹೇಳಿ, ಲೋಟವನ್ನು ಮತ್ತೆ ಮುಂದೆ ಚಾಚಿದರು. ಹೊರಡುವಾಗ, “ಹೆಡ್ ಕೆಲಸದ ಮಾತು ನೀನು ವಾಸಿಯಾದ ಮೇಲೆ. ಬರುವ ಭಾನುವಾರ ನೋಡಲು ಬರುತ್ತೇನೆ” ಎಂದರು.

ಬಂದರು. ಅದರ ಮುಂದಿನ ಭಾನುವಾರವೂ ಬಂದರು, ಪ್ರತಿ ಸಲ ದಿಲಾವರನ ಕಂಕುಳಲ್ಲಿ ಹೊಸ ಬಾಟಲಿ. ಓವರ್‌ಸಿಯರನ ಕಾಯಿಲೆ ವಿಚಾರಿಸಲು ದೊರೆಯೇ ಬರುತ್ತಾರೆಂದು ಬೀದಿಗೆ ಬೀದಿಯೇ ಬೆರಗಾಯಿತು. ಅವರು ನನ್ನ ಎದುರೇ ಕಣ್ಣು ಮುಚ್ಚಿ ಸುಖಿಸುವಾಗ ನಾನು ಕಂಬಳಿಯೊಳಗೆ ಗಂಜಿ ಕುಡಿದು ಬೆವರುತ್ತಿದ್ದೆ.

ಕೊನೆಗೆ ಒಂದು ಭಾನುವಾರ ತಡೆಯಲಾಗದೆ ಕಂಬಳಿ ಕಿತ್ತೆಸೆದು ಎದ್ದುನಿಂತೆ. “ಸ್ವಾಮಿ, ನಾನು ಪೂರ್ತಿ ವಾಸಿಯಾದೆ. ಇನ್ನು ಆ ಹೆಡ್ ಕೆಲಸ...”

ದೊರೆಗಳು ಲೋಟವನ್ನು ಬಹಳ ಬೇಸರದಿಂದ ಕೆಳಗಿಟ್ಟರು. “ಸಂತೋಷ, ಮುರುಗಪ್ಪ. ಹಾಗಾದರೆ ಇಲ್ಲಿಗೆ ಬರುವುದು ಇದೇ ಕೊನೆ. ಮುಂದಿನ ಭಾನುವಾರ ಗಂಗಾಧರಪ್ಪನ ಮನೆಗೆ ಹೋಗಬೇಕು. ಪಾಪ, ಅವನಿಗೂ ನಿನ್ನೆಯಿಂದ ಜ್ವರವಂತೆ. ಅವನ ಹೆಂಡತಿಯೂ ಮದ್ದು ಕಲಸುತ್ತಾಳಂತೆ.”

ನಾನು ಕಂಬಳಿಯನ್ನು ಎತ್ತಿಕೊಂಡು, ನನ್ನ ಜಾಗದಲ್ಲಿ ಮಲಗಿ, ಕತ್ತಿನವರೆಗೂ ಹೊದ್ದುಕೊಂಡೆ.

“ಸ್ವಾಮಿ,” ಎಂದೆ, “ಇನ್ನೂ ಒಂಚೂರು ಚಳಿ ಐತೆ.”