ಅಪ್ಪನಿಗೆ ತೆರೆದ ಫೋನು

ಮನುಷ್ಯನಿಗೆ ತನ್ನದು ಅನ್ನುವ ಒಂದಾದರೂ ವಸ್ತು ಇರಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಐವತ್ತು ದಾಟಿದರೂ ನನಗೆ ಅಂಥದ್ದು ಇರಲಿಲ್ಲ. ಗಡಿಯಾರ ಕೊಂಡರೆ ಮೊದಲು ಅಪ್ಪ ಕಟ್ಟಿಕೊಳ್ಳುತ್ತಿದ್ದರು. ಸ್ಕೂಟರ್ ಕೊಂಡಾಗ ನಮ್ಮೂರು ರಾಜಘಟ್ಟದ ಬೀದಿಯಲ್ಲಿ ಮೊದಲ ಸುತ್ತು ಅವರದೇ. ಹಿಂದೆ ಕೂತು ಬೈಸಿಕೊಳ್ಳುವುದು ನನ್ನ ಪಾಲು. ಅಪ್ಪ ಹೋದ ವರ್ಷ ತೀರಿಕೊಂಡರು. ನಾನು ಅತ್ತದ್ದು ನಿಜ. ಆದರೂ ಕೆಲವು ತಿಂಗಳ ಹಿಂದೆ ದೊಡ್ಡಬಳ್ಳಾಪುರದಿಂದ ಟಚ್‌ಸ್ಕ್ರೀನ್ ಫೋನು ತರುವಾಗ, ಇದು ನನ್ನೊಬ್ಬನದು ಎಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಳಗೊಳಗೇ ಹಿಗ್ಗಿದೆ.

ಮುಖ ತೋರಿಸಿದರೆ ಬೀಗ ತೆರೆಯುವ ಫೋನು ಅದು. "ನಿಮ್ಗೆ ಬಿಟ್ರೆ ಇನ್ಯಾರ್ಗೂ ತೆಗ್ಯಲ್ಲ ಸಾರ್" ಎಂದಿದ್ದ ಅಂಗಡಿಯವನು. ಮಗಳು ಕಾವ್ಯ ನನ್ನ ಮುಖವನ್ನು ಅದಕ್ಕೆ ಪರಿಚಯಿಸಿಕೊಟ್ಟಳು. ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಆ ದಿನ ನಮ್ಮಲ್ಲಿ ಹಿರಿಯರ ಫೋಟೋ ಮುಂದೆ ವಡೆ, ಪಾಯಸ, ಹೊಸ ಪಂಚೆ, ಬೀಡಿ ಕಟ್ಟು ಎಲ್ಲ ಎಡೆ ಇಟ್ಟು, ಅವರು ನೆಮ್ಮದಿಯಾಗಿ ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. "ಮನೆಗೆ ಹೊಸ ವಸ್ತು ಬಂದೈತೆ, ಮಾವನೋರ್ಗೆ ತೋರಿಸ್ದೆ ಇದ್ರೆ ಆಯ್ತದಾ?" ಎಂದು ಹೆಂಡತಿ ನನ್ನ ಜೇಬಿನಿಂದ ಫೋನು ಕಿತ್ತುಕೊಂಡು, ಪಾಯಸದ ಚೊಂಬಿಗೆ ಒರಗಿಸಿ, ಹುಬ್ಬು ಗಂಟಿಕ್ಕಿ ಕೂತ ಅಪ್ಪನ ಫೋಟೋಗೆ ಮುಖಾಮುಖಿ ನಿಲ್ಲಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದೆವು. ಊದುಬತ್ತಿಯ ಹೊಗೆ ಅಲ್ಲಾಡದೆ ನಿಂತಿತ್ತು. ಆಗ ಯಾವುದೋ ಮೆಸೇಜು ಬಂದು ಫೋನು ಬೆಳಗಿತು. ನಾವು ಮೂವರೂ ಹೊಸ್ತಿಲ ಹೊರಗೇ ಇದ್ದೆವು. ಅದರ ಎದುರಿಗೆ ಇದ್ದವರು ಅಪ್ಪ ಒಬ್ಬರೇ. ಕಟಕ್ ಎಂದು ಬೀಗ ತೆರೆಯಿತು. ಒಳಗಿನ ಬಣ್ಣಬಣ್ಣದ ಚಿತ್ರಗಳೆಲ್ಲ ಫೋಟೋದ ಗಾಜಿನಲ್ಲಿ, ಅಪ್ಪನ ಎದೆಯ ಮೇಲೆ ಮೂಡಿದವು. "ಮುಟ್ಬುಟ್ರು ಮಾವನೋರು!" ಎಂದು ಹೆಂಡತಿ ಕೈ ಮುಗಿದಳು.

ನಾನು ಫೋನು ಎತ್ತಿಕೊಂಡು ಮುಖ ತೋರಿಸಿದೆ. ತೆರೆಯಲಿಲ್ಲ. ಹಲ್ಲು ಕಿರಿದೆ, ಆಗಲೂ ಇಲ್ಲ. ಫೋಟೋ ಕಡೆ ತಿರುಗಿಸಿದರೆ ತಕ್ಷಣ ತೆರೆಯಿತು.

"ಅವತ್ತು ಸೆಟ್ ಮಾಡುವಾಗ ಸ್ಟುಡಿಯೋದಲ್ಲಿ ಕೂತಂಗೆ ಮುಖ ಗಂಟಾಕ್ಕೊಂಡಿದ್ದಲ್ಲಪ್ಪಾ" ಎಂದಳು ಕಾವ್ಯ. "ಹಂಗೆ ನೋಡಿದ್ರೆ ನೀನೂ ತಾತನೂ ಒಂದೇ ತರ ಕಾಣ್ತೀರ. ಅಳಿಸಿ ಇನ್ನೊಂದ್ಸಲ ಮಾಡ್ಲಾ?"

"ಏ, ಹಿರೀಕರು ಮುಟ್ಟಿರೋದ್ನ ಅಳಿಸ್ತಾರೇನೇ?" ಎಂದು ಹೆಂಡತಿ ಗದರಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅಂದಿನಿಂದ ನನ್ನ ಫೋನನ್ನು ತೆರೆಯಬೇಕಾದರೆ ನಾನು ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ದುರುಗುಟ್ಟಬೇಕು. ಒಮ್ಮೆ ಬಸ್ಸಿನಲ್ಲಿ ಎದುರು ಕೂತಿದ್ದ ಹೆಂಗಸು ಸೀಟೇ ಬದಲಾಯಿಸಿದಳು. ಇಷ್ಟು ದುಡ್ಡು ಸುರಿದು ನನ್ನ ಮುಖಕ್ಕೆ ನಾನೇ ಪರಕೀಯನಾದೆನಲ್ಲ ಎಂದು ಕೊರಗಿದೆ. ಈಗೀಗ ಮಾತ್ರ ಆ ಕಷ್ಟವಿಲ್ಲ. ಗಂಟಿಕ್ಕದಿದ್ದರೂ, ಜೇಬಿನಿಂದ ತೆಗೆದ ಕೂಡಲೇ ತಾನಾಗಿ ತೆರೆದುಕೊಳ್ಳುತ್ತದೆ. ಯಾಕೆಂದು ಕನ್ನಡಿಯಲ್ಲಿ ನೋಡಿಕೊಳ್ಳಲು ನನಗೆ ಧೈರ್ಯವಿಲ್ಲ.

ನಿನ್ನೆ ಸಂಜೆ ಮನೆಗೆ ಬಂದೆ. ಟಿವಿ ನೋಡುತ್ತಿದ್ದ ಕಾವ್ಯ ನನ್ನನ್ನು ಕಂಡದ್ದೇ ಸದ್ದಿಲ್ಲದೆ ಎದ್ದು ನಿಂತಳು. ಹೆಂಡತಿ ಸೆರಗು ಸರಿಮಾಡಿಕೊಂಡು, "ಕಾಫಿ ತರ್ಲಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಅಪ್ಪ ಬಂದಾಗ ನಾವೆಲ್ಲ ಹೀಗೇ ಏಳುತ್ತಿದ್ದೆವು. "ಕೂತ್ಕೊಳ್ರೇ, ನಾನು ಕಣ್ರೇ" ಅನ್ನಬೇಕಿತ್ತು. ಅನ್ನಲಿಲ್ಲ. ಸುಳ್ಳೇಕೆ ಹೇಳಲಿ, ಹಿತವಾಗಿತ್ತು.