ಅತ್ತೆಯ ಕಥೆಯಿಲ್ಲದ ಬ್ಯಾಲೆ

ನಮ್ಮ ಅತ್ತೆ ಕುಳಿತಿದ್ದನ್ನು ಕಂಡವರು ಸಿಂದಗಿ ತಾಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು! ಅಪ್ಪನ ಅಕ್ಕ ಈಕೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿ ನಿವೃತ್ತಳಾದವಳು. ಊಟವನ್ನೂ ನಿಂತೇ ಮಾಡುತ್ತಾಳೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಕಂಡಕ್ಟರನ ಬೆನ್ನ ಹಿಂದೆಯೇ ಓಡಾಡುತ್ತಾಳೆ. ಇಂಥವಳ ಫೋನಿಗೆ ಎಲ್ಲಿಂದಲೋ ಒಂದು ವಿದೇಶಿ ಬ್ಯಾಲೆ ನೃತ್ಯದ ವಿಡಿಯೋ ಬಂದು ಬಿದ್ದರೆ ಏನಾಗಬೇಡ?

ಸೀದಾ ಇಂಡಿಗೆ, ನಮ್ಮ ಮನೆಗೆ ಬಂದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಳು. ಖಾಲಿ ವೇದಿಕೆ, ಬೂದು ಬಟ್ಟೆ ತೊಟ್ಟ ಹತ್ತಾರು ಜನ. ಓಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಓಡುತ್ತಾರೆ. ಪಿಯಾನೋದಲ್ಲಿ ನಾಲ್ಕೇ ಸ್ವರ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಅವೇ ನಾಲ್ಕು.

"ಕಥಿ ಏನ್ರಿ ಅಕ್ಕಾರ?" ಅವ್ವ ಕೇಳಿದಳು.

"ಕಥಿ ಇಲ್ಲ."

"ಮತ್ತ ಯಾಕ ಓಡಾಕತ್ತಾರ?"

"ಓಡಬೇಕಂತ ಓಡಾಕತ್ತಾರ!"

ಅವ್ವ ರೊಟ್ಟಿ ತಿರುವಿಹಾಕಿದಳು. "ಪಾಪ, ಒಬ್ಬರಿಗೂ ಬಸ್ ಸಿಕ್ಕಿಲ್ಲ ಬಿಡ್ರಿ."

ಅತ್ತೆಯ ಗಂಡ, ನಮ್ಮ ಮಾವನ ಅಭಿಪ್ರಾಯವನ್ನೂ ಕೇಳಿದೆ. "ನಲವತ್ತು ವರ್ಷದಿಂದ ನಮ್ಮನ್ಯಾಗ ಇದ ನಡದೈತಿ. ಇದಕ್ಕ ಬ್ಯಾಲೆ ಅಂತಾರಂತ ಈಗ ಗೊತ್ತಾತು ನೋಡು!"

ಅತ್ತೆ ಸುಮ್ಮನಿರುವವಳೇ? ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಅವಳ ಹಳೆಯ ವಿದ್ಯಾರ್ಥಿನಿಯೇ ಹೆಡ್‌ಮಿಸ್ಟ್ರೆಸ್. ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಇಪ್ಪತ್ತು ನಿಮಿಷ ಗಿಟ್ಟಿಸಿಕೊಂಡಳು. ಎಂಟು ಹುಡುಗಿಯರು, ನಾಲ್ಕು ಜೋಡಿ. ವಾರಕ್ಕೆರಡು ದಿನ ಸಿಂದಗಿಯಿಂದ ಪ್ರಯಾಣ. ಬಾಗೇವಾಡಿ ನಿಲ್ದಾಣದಲ್ಲಿ ಬಸ್ಸು ಕಾಯುವಾಗಲೂ ಅಲ್ಲೇ ಹೆಜ್ಜೆ ಹಾಕಿ ಗಕ್ಕನೆ ತಿರುಗಿದ್ದನ್ನು ಕಂಡ ಮುದುಕರೊಬ್ಬರು ಗಾಬರಿಯಿಂದ ಎದ್ದು ಬಂದರಂತೆ: "ಏನ್ ತಾಯಿ, ಚೇಳು ಕಡದೈತೇನು?"

ಗ್ಯಾದರಿಂಗಿನ ದಿನ ನಾನು ನೋಡಿ ನಗೋಣವೆಂದೇ ಹೋಗಿದ್ದೆ. ಹೋದರೆ, ಒಂದು ಜೋಡಿ ನಾಪತ್ತೆ! ಅಕ್ಕತಂಗಿಯರಿಬ್ಬರೂ ಮನಗೂಳಿಯಲ್ಲಿ ಸೋದರಮಾವನ ಮದುವೆಯೂಟಕ್ಕೆ ಹೋಗಿಬಿಟ್ಟಿದ್ದರು. ಅತ್ತೆಯ ಕಣ್ಣು ನನ್ನ ಬೂದು ಶರ್ಟಿನ ಮೇಲೆ ಬಿತ್ತು.

"ನಡಿ, ನಾನೂ ನೀನೂ."

"ಅತ್ತಿ, ನಾ ಬ್ಯಾಂಕಿನ್ಯಾಗ ಕೆಲಸ ಮಾಡೋವ!"

"ಅದಕ್ಕs ಹೇಳಾಕತ್ತೇನಿ, ಎಣಿಸಾಕ ಬರತೈತಿ. ಕೊನೀಗೆ ನಾ ಹಿಂದಕ್ಕ ಬೀಳ್ತೇನಿ. ಎಂಟು ಎಣಿಸೂತನಕ ಹಿಡಕೊ, ಆಮ್ಯಾಲ ಬಿಡು. ಅಷ್ಟ."

ಶುರುವಾಯಿತು. ಮೂರನೇ ನಿಮಿಷಕ್ಕೆ ಧ್ವನಿವರ್ಧಕದವನು ಸಂಗೀತವನ್ನೇ ನಿಲ್ಲಿಸಿದ. "ಸಿಕ್ಕೊಂಡೈತ್ರಿ ಮೇಡಂ!"

"ಸಿಕ್ಕೊಂಡಿಲ್ಲ, ಅದು ಇರೂದs ಹಂಗ!" ಅತ್ತೆ ವೇದಿಕೆಯಿಂದಲೇ ಕೂಗಿದಳು.

ಮತ್ತೆ ಅದೇ ನಾಲ್ಕು ಸ್ವರ. ಓಡಿದೆವು, ನಿಂತೆವು, ತಿರುಗಿದೆವು. ನಾನು ತಿರುಗಬೇಕಾದ ಕಡೆ ಒಮ್ಮೆಯೂ ತಿರುಗಲಿಲ್ಲ. ಜನ ಕುರ್ಚಿಯಲ್ಲಿ ಮಿಸುಕಾಡಿದರು, ಕೆಮ್ಮಿದರು. ಯಾರೋ ಕೇಳಿಯೇಬಿಟ್ಟರು: "ಕಥಿ ಯಾವಾಗ ಚಾಲೂ ಆಕ್ಕೈತ್ರಿ?" ಇಡೀ ಮೈದಾನ ನಕ್ಕಿತು. ಅತ್ತೆಯ ಕಿವಿ ಕೆಂಪಾಯಿತು. ನಿಲ್ಲಲಿಲ್ಲ.

ಕೊನೆಗೆ ಬೀಳುವ ಗಳಿಗೆ ಬಂತು. ಭಾರ ತಡೆಯಲು ಕಾಲು ಗಟ್ಟಿಯಾಗಿ ಊರಿ ನಿಂತೆ. ಅತ್ತೆ ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದಳು.

ಭಾರವೇ ಬರಲಿಲ್ಲ.

ಒಗೆದು ಮಡಚಿಟ್ಟ ಸೀರೆ ತೋಳಿಗೆ ಬಿದ್ದಷ್ಟೇ. ಡ್ರಿಲ್ ಟೀಚರಿನ ಆ ಅಗಲವಾದ ಭುಜಗಳು ಯಾವಾಗ ಕರಗಿದವು? ಬೆನ್ನಿನ ಮೂಳೆಗಳು ಒಂದೊಂದಾಗಿ ನನ್ನ ಅಂಗೈಗೆ ತಾಗಿದವು. ಅವುಗಳ ಹಿಂದೆ ಎದೆ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಇಷ್ಟು ವರ್ಷ ಈಕೆಯನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಒಮ್ಮೆಯಾದರೂ ಮುಟ್ಟಿ ನೋಡಿದ್ದೆನೇ?

ಆರು, ಏಳು, ಎಂಟು. ಉಳಿದ ಮೂರು ಜೋಡಿ ಎದ್ದು ಓಡಿದವು.

"ಎಂಟಾತು, ಬಿಡೋ," ಅತ್ತೆ ಪಿಸುಗುಟ್ಟಿದಳು.

"ತಡಿ ಅತ್ತಿ," ಎಂದೆ.

ಅತ್ತೆ ಓಡದೆ ನನ್ನ ತೋಳಲ್ಲೇ ತಡೆದಳು.